ಜಾಹೀರಾತು ಜಾಹೀರಾಗಿರಲಿ

ಪುಸ್ತಕದ ಅಂಗಡಿಗೆ ಹೋಗಿ ಲೇಖಕರೊಬ್ಬರ ಹೆಸರನ್ನು ಹೇಳಿದರೆ ಅಂಗಡಿಯಾತ ಕೊಡಬಹುದಾದ ಪ್ರಾಮಾಣಿಕ ಉತ್ತರಗಳು ಎರಡೇ. ಒಂದು, ‘ಇದೆ, ತೆಗೆದುಕೊಳ್ಳಿ’. ಇನ್ನೊಂದು, ‘ಇಲ್ಲ, ಬೇಕಾದರೆ ತರಿಸಿಕೊಡುತ್ತೇನೆ’. ಈ ಎರಡು ಉತ್ತರಗಳ ಮೇಲೆಯೇ ಕನ್ನಡದ ಪುಸ್ತಕ ವ್ಯಾಪಾರವು ತಲೆಮಾರುಗಳಿಂದ ನಡೆದುಬಂದಿದೆ. ಆದರೆ ಅಂತರ್ಜಾಲದ ಬೃಹತ್ ಮಳಿಗೆಗಳು ಮೂರನೆಯ ಉತ್ತರವೊಂದನ್ನು ಕಂಡುಕೊಂಡಿವೆ. ಅವು ‘ಇದೆ’ ಎನ್ನುವುದಿಲ್ಲ, ‘ಇಲ್ಲ’ ಎನ್ನುವುದೂ ಇಲ್ಲ. ನಾವು ಹೆಸರಿಸಿದ ಲೇಖಕರಿಗಾಗಲಿ ಅವರ ಬರವಣಿಗೆಗಾಗಲಿ ಯಾವ ಸಂಬಂಧವೂ ಇಲ್ಲದ ನಾಲ್ಕಾರು ಪುಸ್ತಕಗಳನ್ನು ತಂದು ನಮ್ಮ ಮುಂದೆ ಹರಡುತ್ತವೆ. ಏಕೆಂದರೆ ಹಾಗೆ ಹರಡುವುದಕ್ಕಾಗಿ ಬೇರೆ ಯಾರೋ ಅವುಗಳಿಗೆ ಹಣ ಕೊಟ್ಟಿದ್ದಾರೆ.

ಮೇಲ್ನೋಟಕ್ಕೆ ಇದೊಂದು ಸಣ್ಣ ಕಿರಿಕಿರಿ. ಬೆರಳಿನಿಂದ ಪರದೆಯನ್ನು ಸ್ವಲ್ಪ ಮೇಲಕ್ಕೆ ಸರಿಸಿದರೆ ಬೇಕಾದ ಪುಸ್ತಕ ಸಿಕ್ಕೀತು ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಓದಿನ ಹವ್ಯಾಸವೇ ಕ್ಷೀಣಿಸುತ್ತಿರುವ ಈ ಕಾಲದಲ್ಲಿ, ಓದುಗ ಮತ್ತು ಲೇಖಕರ ನಡುವೆ ಹಣ ಕೊಟ್ಟವರು ಬಂದು ನಿಲ್ಲುವ ಈ ವ್ಯವಸ್ಥೆಯು ಕೇವಲ ಕಿರಿಕಿರಿಯ ವಿಷಯವಲ್ಲ. ನಮ್ಮ ಮಕ್ಕಳು ಏನನ್ನು ಓದುತ್ತಾರೆ, ಯಾರ ಹೆಸರು ಉಳಿಯುತ್ತದೆ, ಯಾವ ಭಾಷೆಯ ಪುಸ್ತಕ ಕಣ್ಣಿಗೆ ಬೀಳುತ್ತದೆ ಎಂಬ ಪ್ರಶ್ನೆಗಳು ಇದರೊಂದಿಗೆ ತಳಕು ಹಾಕಿಕೊಂಡಿವೆ.

ಬೆಂಗಳೂರಿನ ಪಶ್ಚಿಮ ಭಾಗದ ಅತ್ತಿಗುಪ್ಪೆಯನ್ನೇ ತೆಗೆದುಕೊಳ್ಳೋಣ. 2015ರ ನವೆಂಬರಿನಲ್ಲಿ ನೇರಳೆ ಮಾರ್ಗದ ಮೆಟ್ರೋ ರೈಲು ಇಲ್ಲಿಗೆ ಬಂತು. ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಬಡಾವಣೆಗಳ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು ಬೆಳೆದಿವೆ. ಉತ್ತರ ಕರ್ನಾಟಕದಿಂದ, ಮಲೆನಾಡಿನಿಂದ, ಕರಾವಳಿಯಿಂದ ಬಂದ ಸಾವಿರಾರು ಯುವಕ ಯುವತಿಯರು ಇಲ್ಲಿನ ಬಾಡಿಗೆ ಕೋಣೆಗಳಲ್ಲಿ ಕುಳಿತು ಓದುತ್ತಾರೆ. ಓದುವ ಜನರಿಗೆ ಇಲ್ಲಿ ಬರಗಾಲವಿಲ್ಲ. ಆದರೆ ಇಲ್ಲಿನ ರಸ್ತೆಬದಿಯ ಪುಸ್ತಕದಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಪರೀಕ್ಷಾ ಕೈಪಿಡಿಗಳು. ಕಥೆ, ಕಾದಂಬರಿ, ಚರಿತ್ರೆ, ವಿಚಾರ ಸಾಹಿತ್ಯ ಬೇಕೆಂದರೆ ಗಾಂಧಿನಗರಕ್ಕೋ ಬಸವನಗುಡಿಗೋ ಹೋಗಬೇಕು. ದಿನದ ದುಡಿಮೆ ಮುಗಿಸಿ ಮನೆ ಸೇರುವ ಕುಟುಂಬದ ಯಜಮಾನನಿಗೆ, ಮನೆಯ ಜವಾಬ್ದಾರಿ ಹೊತ್ತ ತಾಯಿಗೆ ಅದು ಸುಲಭದ ಮಾತಲ್ಲ. ಆದ್ದರಿಂದ ಕೈಯಲ್ಲಿರುವ ಮೊಬೈಲನ್ನೇ ಅಂಗಡಿಯನ್ನಾಗಿ ಮಾಡಿಕೊಂಡಿದ್ದೇವೆ. ಇದರಲ್ಲಿ ತಪ್ಪೇನೂ ಇಲ್ಲ. ಅಂತರ್ಜಾಲದ ಮಳಿಗೆ ಇಲ್ಲದಿದ್ದರೆ ಎಷ್ಟೋ ಕನ್ನಡ ಪುಸ್ತಕಗಳು ನಮ್ಮ ಮನೆ ಬಾಗಿಲಿಗೆ ಬರುತ್ತಲೇ ಇರಲಿಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು.

ಆದರೆ ಈ ಅಂಗಡಿಯಲ್ಲಿ ಹುಡುಕುವ ಅನುಭವ ಹೇಗಿದೆ? ಕಾಲೇಜಿನಲ್ಲಿ ಓದುತ್ತಿರುವ ಮಗಳಿಗೆ ಒಬ್ಬ ಲೇಖಕಿಯ ಕಥಾಸಂಕಲನವನ್ನು ಕೊಡಿಸಬೇಕೆಂದು ತಂದೆಯೊಬ್ಬರು ಆ ಲೇಖಕಿಯ ಹೆಸರನ್ನು ಟೈಪಿಸುತ್ತಾರೆ ಎಂದು ಭಾವಿಸೋಣ. ಪರದೆಯ ಮೇಲಿನ ಮೊದಲ ಸಾಲಿನಲ್ಲಿ ಕಾಣುವುದು ಶ್ರೀಮಂತರಾಗುವ ಗುಟ್ಟನ್ನು ಹೇಳುವ ಇಂಗ್ಲಿಷ್ ಪುಸ್ತಕವಾಗಿರಬಹುದು, ಪರೀಕ್ಷಾ ಮಾರ್ಗದರ್ಶಿಯಾಗಿರಬಹುದು, ಮಕ್ಕಳ ಬಣ್ಣ ತುಂಬುವ ಪುಸ್ತಕವಾಗಿರಬಹುದು. ಅದರ ಮೂಲೆಯಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ‘ಸ್ಪಾನ್ಸರ್ಡ್’ ಎಂಬ ಪದವಿರುತ್ತದೆ. ಕೇಳಿದ ಲೇಖಕಿಯ ಪುಸ್ತಕ ಅದರ ಕೆಳಗೆಲ್ಲೋ ಇರುತ್ತದೆ. ಕೆಲವೊಮ್ಮೆ ಇರುವುದೇ ಇಲ್ಲ. ಇಲ್ಲದಿದ್ದಾಗ ‘ಇಲ್ಲ’ ಎಂದು ಹೇಳುವ ಸೌಜನ್ಯವೂ ಆ ಪುಟಕ್ಕಿರುವುದಿಲ್ಲ. ಆ ಲೇಖಕಿ ಏನನ್ನೂ ಬರೆದಿಲ್ಲವೇನೋ, ಬರೆದಿದ್ದರೂ ಅದೀಗ ಸಿಗುವುದಿಲ್ಲವೇನೋ ಎಂಬ ತೀರ್ಮಾನಕ್ಕೆ ಗ್ರಾಹಕನೇ ಬಂದುಬಿಡುತ್ತಾನೆ.

ಇದು ಯಂತ್ರದ ತಪ್ಪೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಇದು ತಪ್ಪಲ್ಲ, ವ್ಯಾಪಾರ. ಇಂತಹ ಮಳಿಗೆಗಳಲ್ಲಿ ಹುಡುಕಾಟದ ಪದಗಳು ಹರಾಜಿಗಿರುತ್ತವೆ. ತನ್ನ ಪುಸ್ತಕವನ್ನು ಮಾರಬಯಸುವ ಪ್ರಕಾಶಕ ಅಥವಾ ವ್ಯಾಪಾರಿಯು ‘ಇಂತಹ ಪದವನ್ನು ಯಾರಾದರೂ ಟೈಪಿಸಿದಾಗ ನನ್ನ ಪುಸ್ತಕವನ್ನು ತೋರಿಸಿ, ಅದನ್ನು ಒತ್ತಿದ ಪ್ರತಿಯೊಬ್ಬನಿಗೂ ಇಷ್ಟು ಹಣ ಕೊಡುತ್ತೇನೆ’ ಎಂದು ಬೆಲೆ ಕೂಗುತ್ತಾನೆ. ಆ ಪದವು ‘ಅಡುಗೆ’ ಎಂದೂ ಇರಬಹುದು, ‘ಕಾದಂಬರಿ’ ಎಂದೂ ಇರಬಹುದು, ಒಬ್ಬ ಲೇಖಕರ ಹೆಸರೂ ಆಗಿರಬಹುದು. ಒಂದು ನಿರ್ದಿಷ್ಟ ಪುಸ್ತಕದ ಪುಟದಲ್ಲಿಯೇ ತನ್ನ ಸರಕು ಕಾಣಿಸಿಕೊಳ್ಳಲಿ ಎಂದು ಕೇಳಿಕೊಳ್ಳುವ ಅವಕಾಶವೂ ಉಂಟು. ಪದಗಳನ್ನು ಆರಿಸುವ ಗೋಜೇ ಬೇಡವೆಂದರೆ, ಎಲ್ಲಿ ತೋರಿಸಬೇಕೆಂಬ ನಿರ್ಧಾರವನ್ನು ಗಣಕಯಂತ್ರಕ್ಕೇ ಬಿಟ್ಟುಬಿಡಬಹುದು. ಆಗ ಹುಡುಕಿದ ಹೆಸರಿಗೂ ತೋರಿಸಿದ ಪುಸ್ತಕಕ್ಕೂ ಇರುವ ನಂಟು ಇನ್ನಷ್ಟು ಸಡಿಲವಾಗುತ್ತದೆ. ಇದನ್ನು ಮಳಿಗೆಗಳು ಗುಟ್ಟಾಗಿ ಮಾಡುತ್ತಿಲ್ಲ. ಜಾಹೀರಾತುದಾರರಿಗಾಗಿ ಬರೆದ ಕೈಪಿಡಿಗಳಲ್ಲಿ ಎಲ್ಲವನ್ನೂ ವಿವರಿಸಿವೆ. ಕೊಳ್ಳುವವನಿಗೆ ಮಾತ್ರ ಅದು ತಿಳಿದಿಲ್ಲ.

ಈ ಹರಾಜಿನಲ್ಲಿ ಕನ್ನಡದ ಸಣ್ಣ ಪ್ರಕಾಶಕನ ಸ್ಥಿತಿಯೇನು? ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಪುಸ್ತಕದ ಬೆಲೆ 200 ರೂಪಾಯಿ. ಕಾಗದ, ಅಚ್ಚು, ಲೇಖಕರ ಸಂಭಾವನೆ, ಮಳಿಗೆಯ ಕಮಿಷನ್, ಅಂಚೆಯ ಖರ್ಚು ಎಲ್ಲ ಕಳೆದು ಪ್ರಕಾಶಕನ ಕೈಯಲ್ಲಿ 40 ರೂಪಾಯಿ ಉಳಿಯಿತೆನ್ನೋಣ. ಜಾಹೀರಾತಿನ ಒಂದು ಒತ್ತಿಗೆ 4 ರೂಪಾಯಿ. ಒತ್ತಿ ನೋಡಿದ 15 ಮಂದಿಯಲ್ಲಿ ಒಬ್ಬರು ಕೊಂಡರೆ, ಒಂದು ಪ್ರತಿ ಮಾರಲು ಜಾಹೀರಾತಿಗೇ 60 ರೂಪಾಯಿ ಹೋಯಿತು. ಅಂದರೆ ಮಾರಿದಷ್ಟೂ ನಷ್ಟ. ಲಕ್ಷಾಂತರ ಪ್ರತಿಗಳನ್ನು ಮಾರುವ ಇಂಗ್ಲಿಷ್ ಪ್ರಕಾಶನ ಸಂಸ್ಥೆಯು ಇದನ್ನು ತಾಳಿಕೊಳ್ಳಬಲ್ಲದು. ವರ್ಷ ವರ್ಷವೂ ಹೊಸ ವಿದ್ಯಾರ್ಥಿಗಳು ಕೊಳ್ಳುವ ಪರೀಕ್ಷಾ ಕೈಪಿಡಿಯ ಪ್ರಕಾಶಕನೂ ತಾಳಿಕೊಳ್ಳಬಲ್ಲನು. ಐನೂರೋ ಸಾವಿರವೋ ಪ್ರತಿ ಅಚ್ಚು ಹಾಕಿ, ಅದು ಖರ್ಚಾಗಲು ವರ್ಷಗಟ್ಟಲೆ ಕಾಯುವ ಕನ್ನಡದ ಕಥಾಸಂಕಲನವು ಈ ಹರಾಜಿನ ಕಟ್ಟೆಯನ್ನು ಹತ್ತಲಾರದು.

ಇದಕ್ಕಿಂತಲೂ ಕ್ರೂರವಾದ ಇನ್ನೊಂದು ಮುಖವಿದೆ. ತನ್ನ ಹೆಸರಿನ ಹುಡುಕಾಟದಲ್ಲಿ ಅನ್ಯರ ಪುಸ್ತಕಗಳು ಮೇಲೆ ಬರುವುದನ್ನು ತಡೆಯಬೇಕಾದರೆ ಲೇಖಕನೇ ತನ್ನ ಹೆಸರಿನ ಮೇಲೆ ಬೆಲೆ ಕೂಗಬೇಕು. ಪುಸ್ತಕ ಮಾರಾಟದ ಸಲಹೆಗಾರರು ಲೇಖಕರಿಗೆ ಈ ಉಪದೇಶವನ್ನು ರಾಜಾರೋಷವಾಗಿ ಕೊಡುತ್ತಾರೆ. ತಂದೆ ತಾಯಿ ಇಟ್ಟ ಹೆಸರನ್ನು ಮಳಿಗೆಯಿಂದ ಬಾಡಿಗೆಗೆ ಪಡೆಯುವುದೆಂದರೆ, ಸ್ವಂತ ಮನೆಯ ಹೊಸ್ತಿಲು ದಾಟಲು ದಾರಿಹೋಕನಿಗೆ ಸುಂಕ ಕಟ್ಟಿದಂತೆ.

ಈ ವ್ಯವಸ್ಥೆ ಹೇಗೆ ಬೆಳೆಯಿತೆಂಬುದನ್ನೂ ನೋಡಬೇಕು. ಅಮೆಜಾನ್ 1995ರಲ್ಲಿ ಗ್ರಾಹಕರಿಗೆ ಬಾಗಿಲು ತೆರೆದಾಗ ಅದು ಕೇವಲ ಪುಸ್ತಕದಂಗಡಿಯಾಗಿತ್ತು. 2013ರ ಜೂನ್‌ನಲ್ಲಿ ಭಾರತದಲ್ಲಿ ಕಾಲಿಟ್ಟಾಗಲೂ ಪುಸ್ತಕ ಮತ್ತು ಸಿನಿಮಾಗಳಿಂದಲೇ ಆರಂಭಿಸಿತು. ನಮ್ಮ ಬೆಂಗಳೂರಿನಲ್ಲೇ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕೂಡ ಮೊದಲು ಮಾರಿದ್ದು ಪುಸ್ತಕಗಳನ್ನೇ. ಓದುಗರ ವಿಶ್ವಾಸವೇ ಈ ಸಂಸ್ಥೆಗಳ ಮೊದಲ ಬಂಡವಾಳವಾಗಿತ್ತು. ಕೇಳಿದ್ದು ಸಿಗುತ್ತದೆ, ಹೇಳಿದ ದಿನ ತಲುಪುತ್ತದೆ ಎಂಬ ನಂಬಿಕೆಯನ್ನು ಅವು ಗಳಿಸಿದವು. ಗ್ರಾಹಕರು ಬೇರೆ ಅಂಗಡಿಗಳ ದಾರಿಯನ್ನು ಮರೆತ ಮೇಲೆ, ಆ ನಂಬಿಕೆಯೇ ಮಾರಾಟದ ವಸ್ತುವಾಯಿತು. ಎಲ್ಲ ಬಗೆಯ ಸರಕುಗಳನ್ನೂ ಎಲ್ಲ ದೇಶಗಳನ್ನೂ ಸೇರಿಸಿ ಅಮೆಜಾನಿನ ಜಾಹೀರಾತು ಆದಾಯವು 2021ರಲ್ಲಿ ಸುಮಾರು 3,100 ಕೋಟಿ ಡಾಲರುಗಳಷ್ಟಿತ್ತು. 2024ರಲ್ಲಿ ಅದು 5,600 ಕೋಟಿ ಡಾಲರುಗಳನ್ನು ದಾಟಿತು. ವಸ್ತುವನ್ನು ಮಾರುವುದಕ್ಕಿಂತ ವಸ್ತುವನ್ನು ನೋಡುವ ಕಣ್ಣುಗಳನ್ನು ಮಾರುವುದು ಹೆಚ್ಚು ಲಾಭದಾಯಕವೆಂದು ತಿಳಿದ ಮೇಲೆ ಯಾವ ವ್ಯಾಪಾರಿ ತಾನೇ ಹಿಂದೆ ಸರಿಯುತ್ತಾನೆ?

ಇದು ಮುಂಚಿತವಾಗಿ ತಿಳಿಯದ ಸಂಗತಿಯೂ ಅಲ್ಲ. ಗೂಗಲ್ ಸಂಸ್ಥೆಯನ್ನು ಕಟ್ಟಿದ ಸೆರ್ಗಿ ಬ್ರಿನ್ ಮತ್ತು ಲ್ಯಾರಿ ಪೇಜ್ ಅವರು ವಿದ್ಯಾರ್ಥಿಗಳಾಗಿದ್ದಾಗ 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿಯೇ, ಜಾಹೀರಾತಿನ ಹಣದಿಂದ ನಡೆಯುವ ಹುಡುಕಾಟದ ಯಂತ್ರವು ಸಹಜವಾಗಿಯೇ ಜಾಹೀರಾತುದಾರರ ಕಡೆಗೆ ವಾಲುತ್ತದೆ, ಗ್ರಾಹಕರ ಅಗತ್ಯದಿಂದ ದೂರ ಸರಿಯುತ್ತದೆ ಎಂದು ಎಚ್ಚರಿಸಿದ್ದರು. ಎಚ್ಚರಿಸಿದವರೇ ಮುಂದೆ ಜಗತ್ತಿನ ಅತಿದೊಡ್ಡ ಜಾಹೀರಾತು ಸಂಸ್ಥೆಯ ಒಡೆಯರಾದರು ಎಂಬುದು ಬೇರೆ ಮಾತು. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗವು 17 ರಾಜ್ಯಗಳೊಂದಿಗೆ ಸೇರಿ ಅಮೆಜಾನ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, ಹುಡುಕಾಟದ ಸಹಜ ಫಲಿತಾಂಶಗಳ ಜಾಗದಲ್ಲಿ ಹಣ ಪಡೆದ ಜಾಹೀರಾತುಗಳನ್ನು ತುಂಬಲಾಗಿದೆ, ಅಪ್ರಸ್ತುತ ಜಾಹೀರಾತುಗಳೆಂದು ಗೊತ್ತಿದ್ದೂ ಅವುಗಳ ಸಂಖ್ಯೆಯನ್ನು ಹೆಚ್ಚಿಸಲಾಗಿದೆ ಎಂಬ ಆರೋಪವೂ ಸೇರಿತ್ತು. ಕಂಪೆನಿಯು ಆರೋಪಗಳನ್ನು ನಿರಾಕರಿಸಿದೆ. ಆರೋಪವೇ ತೀರ್ಪಲ್ಲ ಎಂಬುದು ನಿಜ. ಆದರೆ ಅತ್ತಿಗುಪ್ಪೆಯ ಓದುಗನು ತನ್ನ ಮೊಬೈಲಿನಲ್ಲಿ ಕಾಣುತ್ತಿರುವುದು ಅವನೊಬ್ಬನ ದುರದೃಷ್ಟವಲ್ಲ ಎಂಬುದಂತೂ ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಲೇಖಕರ ಹೆಸರು ಎಂದರೇನು ಎಂಬ ಮೂಲಭೂತ ಪ್ರಶ್ನೆ ಏಳುತ್ತದೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರು. 1962ರಲ್ಲಿ ಇಲ್ಲಿಯೇ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ಕಣ್ಮುಚ್ಚಿದರು. ಅವರು 1931ರಲ್ಲಿ ಮುಂದಿಟ್ಟ ಐದು ಸೂತ್ರಗಳ ತಿರುಳೆಂದರೆ, ಓದುಗನಿಗೆ ಅವನ ಪುಸ್ತಕ ಸಿಗಬೇಕು, ಪುಸ್ತಕಕ್ಕೆ ಅದರ ಓದುಗ ಸಿಗಬೇಕು, ಇವರಿಬ್ಬರ ಭೇಟಿಯಲ್ಲಿ ಓದುಗನ ಸಮಯ ಹಾಳಾಗಬಾರದು. ಗ್ರಂಥಾಲಯದ ಲೇಖಕ ಸೂಚಿಯು ಈ ತತ್ವದ ಮೇಲೆಯೇ ನಿಂತಿದೆ. ಕುವೆಂಪು ಎಂಬ ಹೆಸರಿನ ಕಾರ್ಡುಗಳ ನಡುವೆ, ಹಣ ಕೊಟ್ಟವರ ಕಾರ್ಡೊಂದನ್ನು ಗ್ರಂಥಪಾಲಕನು ಸೇರಿಸಿಟ್ಟರೆ ಅವನನ್ನು ಏನೆಂದು ಕರೆಯುತ್ತೇವೆ? ಮೊಬೈಲಿನ ಮಳಿಗೆ ಅದನ್ನೇ ಮಾಡಿದಾಗ ಮಾತ್ರ ತಂತ್ರಜ್ಞಾನವೆಂದು ಏಕೆ ಗೌರವಿಸುತ್ತೇವೆ?

ಕನ್ನಡದಲ್ಲಿ ಬರೆದ ಮುಸ್ಲಿಮ್ ಲೇಖಕರ ವಿಷಯದಲ್ಲಿ ಈ ಸಮಸ್ಯೆ ಇನ್ನಷ್ಟು ತೀವ್ರವಾಗುತ್ತದೆ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಸಾರಾ ಅಬೂಬಕ್ಕರ್ ಅವರು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಮೂಲಕ ಕನ್ನಡಕ್ಕೆ ಹೊಸದೊಂದು ಲೋಕವನ್ನು ತೆರೆದರು. ತಮ್ಮ ಪುಸ್ತಕಗಳನ್ನು ಹೊರತರಲು ಚಂದ್ರಗಿರಿ ಪ್ರಕಾಶನವನ್ನು ತಾವೇ ಕಟ್ಟಿದರು. 2023ರ ಜನವರಿಯಲ್ಲಿ ಅವರು ನಮ್ಮನ್ನಗಲಿದರು. ಬೊಳುವಾರು ಮಹಮದ್ ಕುಂಞಿ ಅವರ ‘ಸ್ವಾತಂತ್ರ್ಯದ ಓಟ’ಕ್ಕೆ 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಗೆದ್ದಿತು. ಕನ್ನಡದಿಂದ ಅನುವಾದಗೊಂಡ ಕೃತಿಯೊಂದಕ್ಕೆ ಈ ಗೌರವ ಸಂದದ್ದು ಅದೇ ಮೊದಲು.

ಈಗ ಈ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಪ್ರಯತ್ನಿಸಿ ನೋಡಿ. ಅಬೂಬಕ್ಕರ್ ಎಂಬುದನ್ನು ಎಷ್ಟು ಬಗೆಯಲ್ಲಿ ಬರೆಯಬಹುದು! ಮಹಮದ್, ಮಹಮ್ಮದ್, ಮುಹಮ್ಮದ್, ಮೊಹಮ್ಮದ್ ಎಂಬ ರೂಪಗಳೆಲ್ಲ ಚಾಲ್ತಿಯಲ್ಲಿವೆ. ಕುಂಞಿ ಎಂಬುದರ ‘ಞ’ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಸಾಟಿಯೇ ಇಲ್ಲ. ಮುಷ್ತಾಕ್ ಎಂಬುದಕ್ಕೂ ಎರಡು ಮೂರು ಬಗೆಯ ಕಾಗುಣಿತಗಳಿವೆ. ಓದುಗನು ಒಂದು ಬಗೆಯಲ್ಲಿ ಬರೆದು, ಮಾರಾಟಗಾರನು ಇನ್ನೊಂದು ಬಗೆಯಲ್ಲಿ ನಮೂದಿಸಿದ್ದರೆ ಯಂತ್ರಕ್ಕೆ ಎರಡೂ ಬೇರೆ ಬೇರೆ ವ್ಯಕ್ತಿಗಳಾಗಿ ಕಂಡರೆ ಆಶ್ಚರ್ಯವಿಲ್ಲ. ಸಹಜ ಫಲಿತಾಂಶ ದುರ್ಬಲವಾದಲ್ಲಿ ಜಾಹೀರಾತು ಬಂದು ಆ ಖಾಲಿ ಜಾಗವನ್ನು ತುಂಬಿಕೊಳ್ಳುತ್ತದೆ. ಹೀಗೆ ಭಾಷೆಯ ಕಾರಣದಿಂದ ಒಮ್ಮೆ, ಹಣದ ಕಾರಣದಿಂದ ಇನ್ನೊಮ್ಮೆ, ನಮ್ಮ ಲೇಖಕರು ಎರಡು ಬಾರಿ ಮರೆಯಾಗುತ್ತಾರೆ. ಬೂಕರ್ ಪ್ರಶಸ್ತಿ ಬಂದವರನ್ನು ಜಗತ್ತು ಹುಡುಕಿಕೊಂಡು ಬರುತ್ತದೆ. ಬಾರದವರನ್ನು ಹುಡುಕಬೇಕಾದವರು ನಾವೇ ಅಲ್ಲವೇ?

ಇದಕ್ಕೆ ಕೆಲವರು ಹೇಳುವ ಸಮಾಧಾನಗಳನ್ನೂ ಪರಿಶೀಲಿಸುವುದು ನ್ಯಾಯ. ಮೊದಲನೆಯದಾಗಿ, ‘ಜಾಹೀರಾತು ಹೊಸದೇನಲ್ಲ, ಬೀದಿಯ ಅಂಗಡಿಯವನೂ ಲಾಭ ತರುವ ಪುಸ್ತಕವನ್ನೇ ಕಣ್ಣಿಗೆ ಬೀಳುವಂತೆ ಇಡುತ್ತಾನೆ’ ಎನ್ನುತ್ತಾರೆ. ನಿಜ. ಗಾಜಿನ ಕಪಾಟಿನಲ್ಲಿ ತನಗೆ ಬೇಕಾದುದನ್ನು ಇಡುವ ಹಕ್ಕು ಅಂಗಡಿಯವನಿಗಿದೆ. ಅಂತರ್ಜಾಲದ ಮಳಿಗೆಯ ಮುಖಪುಟದಲ್ಲಿ ಅದು ಏನನ್ನು ತೋರಿಸಿದರೂ ನಮ್ಮ ತಕರಾರಿಲ್ಲ. ಆದರೆ ಹೆಸರು ಹೇಳಿ ಕೇಳುವುದು ಬೇರೆ. ಅದು ಪ್ರಶ್ನೆ. ಪ್ರಶ್ನೆಗೆ ಸಿಗಬೇಕಾದುದು ಉತ್ತರವೇ ಹೊರತು ಪ್ರದರ್ಶನವಲ್ಲ.

ಎರಡನೆಯದಾಗಿ, ‘ಹೊಸ ಲೇಖಕರು ಬೆಳಕಿಗೆ ಬರುವುದಾದರೂ ಹೇಗೆ? ಪ್ರಸಿದ್ಧರ ಹೆಸರಿನ ಪಕ್ಕದಲ್ಲಿ ಕಾಣಿಸಿಕೊಂಡರೆ ತಾನೇ ಓದುಗರ ಗಮನ ಸಿಗುವುದು?’ ಎಂಬ ವಾದವಿದೆ. ಇದರಲ್ಲಿ ಹುರುಳಿದೆ. ಒಬ್ಬ ಕಥೆಗಾರ್ತಿಯನ್ನು ಹುಡುಕುವ ಓದುಗನಿಗೆ ಅದೇ ಬಗೆಯಲ್ಲಿ ಬರೆಯುವ ಹೊಸ ಕಥೆಗಾರ್ತಿಯನ್ನು ಪರಿಚಯಿಸಿದರೆ ಅದು ಓದುಗನಿಗೂ ಉಪಕಾರವೇ. ಒಳ್ಳೆಯ ಅಂಗಡಿಯವರು ತಲೆಮಾರುಗಳಿಂದ ಮಾಡಿದ್ದೂ ಅದನ್ನೇ. ಆದರೆ ಅವರು ಮೊದಲು ಕೇಳಿದ ಪುಸ್ತಕವನ್ನು ಕೈಗಿತ್ತು, ಅನಂತರ ‘ಇದನ್ನೂ ನೋಡಿ’ ಎನ್ನುತ್ತಿದ್ದರು. ಕೇಳಿದ್ದನ್ನು ಬಚ್ಚಿಟ್ಟು ಬೇರೊಂದನ್ನು ಮುಂದೆ ಹಿಡಿಯುತ್ತಿರಲಿಲ್ಲ. ಅಲ್ಲದೆ ಅವರ ಶಿಫಾರಸಿನ ಹಿಂದೆ ಓದಿನ ಅನುಭವವಿತ್ತು. ಹರಾಜಿನ ಹಿಂದೆ ಇರುವುದು ಕಿಸೆಯ ಭಾರ ಮಾತ್ರ. ಅದರಲ್ಲಿ ಬಡ ಹೊಸಬನಿಗೂ ಸ್ಥಾನವಿಲ್ಲ.

ಮೂರನೆಯದಾಗಿ, ‘ಪ್ರಾಯೋಜಿತ ಎಂದು ಬರೆದೇ ಇರುತ್ತದಲ್ಲ, ಓದಿಕೊಳ್ಳದಿರುವುದು ಗ್ರಾಹಕನ ತಪ್ಪು’ ಎನ್ನುತ್ತಾರೆ. ಈ ವಾದವೇ ಎಲ್ಲಕ್ಕಿಂತ ಪೊಳ್ಳಾದುದು. ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್‌ಗಳು 2020ರಲ್ಲಿ ತಮ್ಮ ಮಳಿಗೆಗಳನ್ನು ಕನ್ನಡದಲ್ಲಿಯೂ ತೆರೆದವು. ಸ್ವಾಗತಾರ್ಹವಾದ ಹೆಜ್ಜೆಯದು. ಆದರೆ ‘ಸ್ಪಾನ್ಸರ್ಡ್’ ಎಂದರೂ ‘ಪ್ರಾಯೋಜಿತ’ ಎಂದರೂ ಸಾಮಾನ್ಯ ಓದುಗನಿಗೆ ಅದರಿಂದ ಏನು ಅರ್ಥವಾಗುತ್ತದೆ? ನಮ್ಮಲ್ಲಿ ಪ್ರಾಯೋಜಕನೆಂದರೆ ಕಾರ್ಯಕ್ರಮದ ಖರ್ಚನ್ನು ಹೊತ್ತ ಉದಾರಿ. ಕ್ರೀಡಾಕೂಟಕ್ಕೆ ಬಹುಮಾನ ಕೊಡಿಸಿದವನು. ಅದೊಂದು ಗೌರವದ ಪದ. ಹಣ ಕೊಟ್ಟು ಸರದಿಯಲ್ಲಿ ಮುಂದೆ ನುಗ್ಗಿದವನಿಗೆ ಆ ಪದವನ್ನು ಅಂಟಿಸುವುದು ಅಪಾರ್ಥಕ್ಕೆ ದಾರಿ.

ನಮ್ಮ ಭಾಷೆಯಲ್ಲಿ ಅದಕ್ಕೊಂದು ನೇರವಾದ ಪದವಿದೆ, ಜಾಹೀರಾತು. ಆ ಪದದ ಬೇರು ಅರಬಿ ಭಾಷೆಯ ‘ಝಾಹಿರ್’. ಹಾಗೆಂದರೆ ಬಯಲಾದುದು, ಮರೆಯಿಲ್ಲದುದು, ಎಲ್ಲರ ಕಣ್ಣಿಗೂ ಕಾಣುವಂತಹುದು. ಪಾರಸಿ, ಉರ್ದು, ಮರಾಠಿಗಳನ್ನು ಹಾದು ಕನ್ನಡಕ್ಕೆ ಬಂದರೂ ಆ ಅರ್ಥ ಅಳಿದಿಲ್ಲ. ‘ಜಾಹೀರು ಮಾಡು’ ಎಂದರೆ ಇಂದಿಗೂ ಬಹಿರಂಗಪಡಿಸು ಎಂದೇ ಅರ್ಥ. ತಾನು ಜಾಹೀರಾತು ಎಂಬುದನ್ನೇ ಮರೆಮಾಚುವ ಜಾಹೀರಾತು ತನ್ನ ಹೆಸರಿಗೇ ದ್ರೋಹ ಬಗೆದಂತೆ. ಹುಡುಕಾಟದ ಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಜಾಹೀರಾತು’ ಎಂದು ಬರೆಯಲು ಈ ಸಂಸ್ಥೆಗಳಿಗಿರುವ ಅಡ್ಡಿಯಾದರೂ ಏನು? ಬರೆದರೆ ಒತ್ತುವವರು ಕಡಿಮೆಯಾಗುತ್ತಾರೆ ಎಂಬ ಭಯವೇ? ಹಾಗಿದ್ದರೆ, ಅರಿಯದೆ ಒತ್ತುವವರಿಂದಲೇ ಈ ವ್ಯಾಪಾರ ನಡೆಯುತ್ತಿದೆ ಎಂದಾಯಿತಲ್ಲ!

ಪತ್ರಿಕಾರಂಗದಲ್ಲಿ ನಾವು ಇಂತಹುದೇ ರೋಗವೊಂದನ್ನು ಕಂಡಿದ್ದೇವೆ. 2009ರ ಲೋಕಸಭಾ ಚುನಾವಣೆಯ ಸಂದರ್ಭದಲ್ಲಿ ಹಣ ಪಡೆದು ಪ್ರಚಾರವನ್ನು ಸುದ್ದಿಯ ವೇಷದಲ್ಲಿ ಪ್ರಕಟಿಸಿದ ಹಗರಣವು ಬಯಲಾದಾಗ ದೇಶವೇ ಬೆಚ್ಚಿತು. ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿಯು 2010ರಲ್ಲಿ ಅದರ ಬಗ್ಗೆ ವಿಸ್ತಾರವಾದ ವರದಿಯನ್ನು ಸಿದ್ಧಪಡಿಸಿತು. ‘ಕಾಸಿಗಾಗಿ ಸುದ್ದಿ’ ಎಂಬ ಮಾತು ಅಂದಿನಿಂದ ಬೈಗುಳವಾಯಿತು. ಅಲ್ಲಿನ ಅಪರಾಧ ಹಣ ಪಡೆದದ್ದಲ್ಲ. ಪಡೆದ ಹಣವನ್ನು ಮುಚ್ಚಿಟ್ಟು ಓದುಗನ ನಂಬಿಕೆಯನ್ನು ಮಾರಿದ್ದು ಅಪರಾಧ. ಕಾಸಿಗಾಗಿ ಸುದ್ದಿ ತಪ್ಪಾದರೆ ಕಾಸಿಗಾಗಿ ಹುಡುಕಾಟ ಹೇಗೆ ಸರಿಯಾದೀತು?

ಕಾನೂನು ಈ ಬಗ್ಗೆ ಸಂಪೂರ್ಣ ಮೌನವಾಗಿಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ, ಸರಕುಗಳ ಶ್ರೇಣಿಯನ್ನು ಯಾವ ಮುಖ್ಯ ಮಾನದಂಡಗಳ ಮೇಲೆ ನಿರ್ಧರಿಸಲಾಗುತ್ತದೆ ಎಂಬುದನ್ನು ಮಾರುಕಟ್ಟೆ ಸಂಸ್ಥೆಗಳು ಸರಳ ಭಾಷೆಯಲ್ಲಿ ಎಲ್ಲರಿಗೂ ತಿಳಿಯುವಂತೆ ವಿವರಿಸಬೇಕು. 2021ರ ಜೂನ್‌ನಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ತಿದ್ದುಪಡಿಯ ಕರಡಿನಲ್ಲಿ, ಹುಡುಕಾಟದ ಫಲಿತಾಂಶಗಳನ್ನು ತಿರುಚಿ ಗ್ರಾಹಕರನ್ನು ದಾರಿ ತಪ್ಪಿಸಬಾರದು, ಪ್ರಾಯೋಜಿತ ಸರಕುಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಬೇಕು ಎಂಬ ಅಂಶಗಳಿದ್ದವು. 2023ರ ನವೆಂಬರಿನಲ್ಲಿ ಹೊರಬಂದ ಮಾರ್ಗಸೂಚಿಗಳು ಗ್ರಾಹಕರನ್ನು ಮೋಸಗೊಳಿಸುವ 13 ತಂತ್ರಗಳನ್ನು ಪಟ್ಟಿ ಮಾಡಿವೆ. ವೇಷ ಮರೆಸಿದ ಜಾಹೀರಾತು ಅವುಗಳಲ್ಲೊಂದು. ಯುರೋಪಿನ ಒಕ್ಕೂಟದಲ್ಲಿಯಂತೂ ಹಣ ಪಡೆದು ಮೇಲೆ ತಂದ ಫಲಿತಾಂಶವನ್ನು ಹಾಗೆಂದು ತಿಳಿಸಲೇಬೇಕೆಂಬ ನಿಯಮವು 2022ರಿಂದ ಅನ್ವಯವಾಗುತ್ತಿದೆ.

ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಮುಂದೆಯೂ ಈ ಸಂಸ್ಥೆಗಳು ಬಂದು ನಿಂತಿವೆ. ಕೆಲವು ಮಾರಾಟಗಾರರಿಗೆ ಮತ್ತು ಕೆಲವು ಸರಕುಗಳಿಗೆ ಆದ್ಯತೆ ಕೊಡಲಾಗುತ್ತಿದೆ ಎಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗಳ ವಿರುದ್ಧ ತನಿಖೆಗೆ ಆದೇಶಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಜೂನ್‌ನಲ್ಲಿ ತಳ್ಳಿಹಾಕಿತು. ಮೇಲ್ಮನವಿಗಳಿಗೂ ಜುಲೈಯಲ್ಲಿ ಅದೇ ಗತಿಯಾಯಿತು. ಇನ್ನೊಂದೆಡೆ, ಬೇರೆಯವರ ವ್ಯಾಪಾರ ಚಿಹ್ನೆಯನ್ನು ಹುಡುಕಾಟದ ಜಾಹೀರಾತಿಗೆ ಬಳಸುವ ಪ್ರಶ್ನೆಯನ್ನು ದಿಲ್ಲಿ ಉಚ್ಚ ನ್ಯಾಯಾಲಯವು 2023ರ ಆಗಸ್ಟ್‌ನಲ್ಲಿ ಪರಿಶೀಲಿಸಿ, ಅಂತಹ ಪದಗಳನ್ನು ಮಾರುವ ಗೂಗಲ್ ಕೇವಲ ಮೂಕ ಮಧ್ಯವರ್ತಿಯಲ್ಲ ಎಂದು ಹೇಳಿತು. ಆದರೆ ಗೊಂದಲ ಉಂಟಾಗದಿದ್ದರೆ ಆ ಬಳಕೆಯೊಂದೇ ಅಪರಾಧವಾಗದು ಎಂದೂ ಹೇಳಿತು. ವ್ಯಾಪಾರ ಚಿಹ್ನೆಗೇ ಇಷ್ಟು ತೊಡಕಿರುವಾಗ, ಹೆಸರನ್ನು ನೋಂದಾಯಿಸದ ಬಡ ಲೇಖಕನಿಗೆ ರಕ್ಷಣೆಯೆಲ್ಲಿ?

ಹೆಸರಿನ ಬೆಲೆ ಅಗ್ಗವಾದಾಗ ಮುಂದೇನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 2023ರ ಆಗಸ್ಟ್‌ನಲ್ಲಿ ಅಮೆರಿಕದ ಲೇಖಕಿ ಜೇನ್ ಫ್ರೀಡ್ಮನ್ ಅವರು, ತಾವು ಬರೆಯದ ಹಲವು ಪುಸ್ತಕಗಳು ತಮ್ಮ ಹೆಸರಿನಲ್ಲಿ ಅಮೆಜಾನಿನಲ್ಲಿ ಮಾರಾಟವಾಗುತ್ತಿರುವುದನ್ನು ಬಹಿರಂಗಪಡಿಸಿದರು. ಅವು ಕೃತಕ ಬುದ್ಧಿಮತ್ತೆಯಿಂದ ಸಿದ್ಧಗೊಂಡವುಗಳೆಂದು ಅವರು ಶಂಕಿಸಿದರು. ವಿಷಯ ಸುದ್ದಿಯಾದ ಮೇಲೆ ಅವುಗಳನ್ನು ತೆಗೆಯಲಾಯಿತು. ಮುಂದಿನ ತಿಂಗಳು ಅಮೆಜಾನ್, ಸ್ವಯಂಪ್ರಕಾಶನ ಮಾಡುವವರು ದಿನಕ್ಕೆ ಮೂರಕ್ಕಿಂತ ಹೆಚ್ಚು ಪುಸ್ತಕಗಳನ್ನು ಸೇರಿಸಬಾರದೆಂಬ ಮಿತಿಯನ್ನು ಹೇರಿತು. ದಿನಕ್ಕೆ ಮೂರು ಪುಸ್ತಕ! ಬದುಕಿಡೀ ತೇಯ್ದು ಹತ್ತು ಪುಸ್ತಕ ಬರೆದವರು ಈ ಪ್ರವಾಹದಲ್ಲಿ ತಮ್ಮ ಹೆಸರೊಂದನ್ನೇ ದಡವೆಂದು ನಂಬಿದ್ದಾರೆ. ಆ ದಡವನ್ನೂ ಹರಾಜು ಹಾಕಿದರೆ ಅವರು ನಿಲ್ಲುವುದೆಲ್ಲಿ?

ಇದರಲ್ಲಿ ಭಾಷೆಯ ರಾಜಕಾರಣವೂ ಅಡಗಿದೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್ ಓದುಗಣಕಕ್ಕೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲೆಯಾಳಗಳು ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಕನ್ನಡಿಗರು ಆಕ್ಷೇಪಿಸಿದರು. ಆದರೆ ದೂರುತ್ತ ಕೂರದೆ ಕೆಲವು ಯುವಕರು 2020ರಲ್ಲಿ ಮೈಲ್ಯಾಂಗ್ ಎಂಬ ಕನ್ನಡದ್ದೇ ಆದ ಇ-ಪುಸ್ತಕ ಮತ್ತು ಕೇಳುಪುಸ್ತಕಗಳ ತಾಣವನ್ನು ಕಟ್ಟಿದರು. ಇದರಿಂದ ಕಲಿಯಬೇಕಾದ ಪಾಠವೇನೆಂದರೆ, ಸಣ್ಣ ಭಾಷೆಯ ಅಳಿವು ಉಳಿವು ದೊಡ್ಡ ಮಳಿಗೆಯ ದಯೆಯ ಮೇಲೆ ನಿಂತಿರಬಾರದು.

ಹಾಗಾದರೆ ಆಗಬೇಕಾದುದೇನು? ಸರಕಾರದಿಂದ ನಾವು ಕೇಳಬೇಕಾದುದು ಹೆಚ್ಚೇನಲ್ಲ. ಲೇಖಕರ ಹೆಸರಿನಿಂದ ಹುಡುಕಿದಾಗ ಮೊದಲು ಅವರ ಕೃತಿಗಳೇ ಬರಬೇಕು. ಇಲ್ಲದಿದ್ದರೆ ಇಲ್ಲವೆಂದು ಹೇಳಬೇಕು. ಜಾಹೀರಾತುಗಳು ಅವುಗಳ ನಂತರ, ಬೇರೆ ಬಣ್ಣದ ಚೌಕಟ್ಟಿನಲ್ಲಿ, ಗ್ರಾಹಕ ಆರಿಸಿಕೊಂಡ ಭಾಷೆಯಲ್ಲಿ ‘ಜಾಹೀರಾತು’ ಎಂಬ ಶೀರ್ಷಿಕೆಯೊಂದಿಗೆ ಇರಬೇಕು. 2021ರ ಕರಡಿನಲ್ಲಿ ಇದ್ದುದನ್ನೇ ಸ್ಪಷ್ಟಪಡಿಸಿ ನಿಯಮವನ್ನಾಗಿಸಿದರೆ ಸಾಕು. ನಮ್ಮ ಸಂಸದರಿಗೆ ಈ ಬಗ್ಗೆ ಪತ್ರ ಬರೆಯಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಪ್ರಕಾಶಕರ ಮೇಲೂ ಹೊಣೆಯಿದೆ. ಲೇಖಕರ ಹೆಸರನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದೇ ಕಾಗುಣಿತದಲ್ಲಿ ಎಲ್ಲೆಡೆ ನಮೂದಿಸಬೇಕು. ಅನ್ಯರ ಹೆಸರಿನ ಬೆನ್ನೇರಿ ತಮ್ಮ ಪುಸ್ತಕ ಮಾರುವ ಆಮಿಷಕ್ಕೆ ಕನ್ನಡದ ಪ್ರಕಾಶಕರು ಬಲಿಯಾಗಬಾರದು.

ಇನ್ನು ಓದುಗರಾದ ನಾವು. ಅಂತರ್ಜಾಲದಲ್ಲಿ ಹುಡುಕುವಾಗ ಲೇಖಕರ ಹೆಸರಿನೊಂದಿಗೆ ಪುಸ್ತಕದ ಹೆಸರನ್ನೂ ಕನ್ನಡ ಲಿಪಿಯಲ್ಲಿಯೇ ಬರೆಯೋಣ. ಕೊಳ್ಳುವ ಮುನ್ನ ಲೇಖಕ, ಪ್ರಕಾಶಕ, ಭಾಷೆ ಈ ಮೂರನ್ನೂ ಓದೋಣ. ಮೋಸವೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸೋಣ. ಸಾಧ್ಯವಾದಲ್ಲೆಲ್ಲ ಪ್ರಕಾಶಕರಿಂದಲೇ ನೇರವಾಗಿ ತರಿಸಿಕೊಳ್ಳೋಣ. ನವಕರ್ನಾಟಕ, ಸಪ್ನ, ಅಂಕಿತದಂತಹ ಮಳಿಗೆಗಳು ನಗರದಲ್ಲಿಯೇ ಇವೆ. ಅತ್ತಿಗುಪ್ಪೆಯ ಪಕ್ಕದ ವಿಜಯನಗರದಿಂದಲೇ ಅಭಿನವದಂತಹ ಪ್ರಕಾಶನ ಸಂಸ್ಥೆ ಉತ್ತಮ ಪುಸ್ತಕಗಳನ್ನು ಹೊರತರುತ್ತ ಬಂದಿದೆ. ಹಂಪಿನಗರದ ಗ್ರಂಥಾಲಯದ ಬಾಗಿಲು ಎಲ್ಲರಿಗೂ ತೆರೆದಿದೆ. ಅಲ್ಲಿ ಒಬ್ಬ ಲೇಖಕರ ಕಪಾಟಿನಲ್ಲಿ ಜಾಗ ಹಿಡಿಯಲು ಯಾರೂ ಬೆಲೆ ಕೂಗುವಂತಿಲ್ಲ. ಮಕ್ಕಳನ್ನು ವಾರಕ್ಕೊಮ್ಮೆಯಾದರೂ ಅಲ್ಲಿಗೆ ಕರೆದೊಯ್ಯುವುದು ತಂದೆ ತಾಯಂದಿರಿಗೆ ಅಸಾಧ್ಯವಾದ ಕೆಲಸವೇನಲ್ಲ. ಮದುವೆ ಸಮಾರಂಭಗಳಿಗೆ ಲಕ್ಷಗಟ್ಟಲೆ ಸುರಿಯುವ ನಮ್ಮ ಸಮುದಾಯವು ಮೊಹಲ್ಲಾಕ್ಕೊಂದು ಪುಟ್ಟ ವಾಚನಾಲಯಕ್ಕಾಗಿ ಕೆಲವು ಸಾವಿರಗಳನ್ನು ಎತ್ತಿಡಲಾರದೇ?

ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬುದನ್ನು ಕನ್ನಡಿಗರು ಇಂದಿಗೂ ಅಭಿಮಾನದಿಂದ ಸ್ಮರಿಸುತ್ತಾರೆ. ಅಂದು ಲೇಖಕನೇ ಓದುಗನ ಮನೆಯ ಬಾಗಿಲನ್ನು ತಟ್ಟಿದ. ಇಂದು ಓದುಗನೇ ಹೆಸರು ಹಿಡಿದು ಲೇಖಕನನ್ನು ಹುಡುಕಿಕೊಂಡು ಬರುತ್ತಿದ್ದಾನೆ. ಓದುವ ಸಮಾಜವೊಂದಕ್ಕೆ ಇದಕ್ಕಿಂತ ಶುಭಸೂಚನೆ ಇನ್ನೇನಿದೆ? ಹಾಗೆ ಬಂದವನನ್ನು ಹಣ ಕೊಟ್ಟವರ ಬಾಗಿಲಿಗೆ ತಿರುಗಿಸಿ ಕಳುಹಿಸುವುದು ವ್ಯಾಪಾರದ ಜಾಣ್ಮೆಯಾಗಿರಬಹುದು, ಪ್ರಾಮಾಣಿಕತೆಯಂತೂ ಅಲ್ಲ. ಇದನ್ನು ಒಂದು ಸಣ್ಣ ಕಿರಿಕಿರಿಯೆಂದು ಸಹಿಸಿಕೊಂಡಷ್ಟು ದಿನವೂ ನಮ್ಮ ಸಹನೆಯಿಂದಲೇ ಅವರ ಲಾಭ ಬೆಳೆಯುತ್ತಿರುತ್ತದೆ.